ಹಟ ಹಿಡಿದ ಬಿಲ್ಲಿಂಗ್ ಕಂಪ್ಯೂಟರ್

ಎಗ್ಮೋರ್ ಸ್ಟೇಷನ್ನಿನ ಹತ್ತಿರ ನಮ್ಮ ಚಿಕ್ಕಪ್ಪನ ಹೋಟೆಲು. ನಾನು ಶೋಳಿಂಗನಲ್ಲೂರಿನ ಕಂಪನಿಯೊಂದರಲ್ಲಿ ಕಂಪ್ಯೂಟರುಗಳಿಗೆ ವೈರಸ್ ಬಾರದಂತೆ ಕಾಯುವವಳು. ಆದರೆ ಹಿತ್ತಲ ಗಿಡ ಮದ್ದಲ್ಲವಲ್ಲ! ಹಿಂದಿನ ದೀಪಾವಳಿಗೆ ಹೋಟೆಲಿನ ಒಂದು ಬಿಲ್ಲಿಂಗ್ ಕೌಂಟರಿನ ಕಂಪ್ಯೂಟರಿಗೆ ಹೊಕ್ಕ ವೈರಸ್ ಎಲ್ಲ ಕೌಂಟರುಗಳನ್ನೂ ಅಡುಗೆಮನೆಯ ಪರದೆಯನ್ನೂ ಮಲಗಿಸಿದ ಮೇಲೆಯೇ ಚಿಕ್ಕಪ್ಪ ನನ್ನ ಮಾತಿಗೆ ಕಿವಿಗೊಟ್ಟದ್ದು. ಅದೂ ಷರತ್ತಿನ ಮೇಲೆ: ಇನ್ನೊಮ್ಮೆ ಬಿಲ್ಲು ನಿಂತರೆ ನನ್ನ ಏರ್ಪಾಡನ್ನೆಲ್ಲ ಕಿತ್ತು ಹಾಕುವುದು.

ಏರ್ಪಾಡು ಇಷ್ಟೇ. ಪ್ರತಿ ಕಂಪ್ಯೂಟರಿನಲ್ಲೂ ಒಂದು ಚಿಪ್. ಮೆಷಿನ್ ಆನ್ ಆಗುವಾಗ ಯಾವ ಯಾವ ಪ್ರೋಗ್ರಾಮ್ ಎದ್ದಿತು ಎಂಬುದನ್ನು ಅದು ಗುರುತಿಟ್ಟು ಎಲ್ಲವನ್ನೂ ಜೋಡಿಸುವ ಮುಖ್ಯ ಕಂಪ್ಯೂಟರಿಗೆ, ಅಂದರೆ ಸರ್ವರಿಗೆ, ಒಪ್ಪಿಸುತ್ತದೆ. ಮೊದಲಿದ್ದದ್ದಕ್ಕಿಂತ ಚೂರು ವ್ಯತ್ಯಾಸ ಕಂಡರೂ ಸರ್ವರ್ ಆ ಮೆಷಿನನ್ನು ನೆಟ್‌ವರ್ಕಿಗೆ ಸೇರಿಸುವುದಿಲ್ಲ.

"ನಿನ್ನ ಮೆಷಿನಿಗೆ ನಮ್ಮ ಅಜ್ಜಿಗಿಂತ ಮಡಿ ಜಾಸ್ತಿ ಮಾರಾಯ್ತಿ," ಎಂದು ಚಿಕ್ಕಪ್ಪ ನಕ್ಕಿದ್ದರು.

ಒಂದು ಭಾನುವಾರ ಬೆಳಿಗ್ಗೆ ನಾನು ತಿಂಡಿಗೆ ಹೋದಾಗ ರೈಲಿಳಿದವರು ಬಾಗಿಲವರೆಗೂ ನಿಂತಿದ್ದರು. ಚಿಕ್ಕಪ್ಪ ಕೂರುವ ನಡುವಿನ ಕೌಂಟರ್ ಮಾತ್ರ ಬಿಲ್ಲು ಕೊಡದೆ ಹಟ ಹಿಡಿದಿತ್ತು.

"ಎಂತ ಅವಸ್ಥೆ ಇದು! ಕೂಟ್ಟಂ ನೋಡು, ಎಷ್ಟು ಜನ ಉಂಟು! ಇವತ್ತೇ ಎಲ್ಲ ತೆಗೆದುಬಿಡು," ಎಂದು ಚಿಕ್ಕಪ್ಪ ಎಲ್ಲರೆದುರೇ ರೇಗಿದರು. ನನಗೂ ಸಿಟ್ಟು ನೆತ್ತಿಗೇರಿತು. ಆದರೆ ಒಳಗೊಳಗೇ ಭಯ, ನನ್ನ ಲೆಕ್ಕವೇ ತಪ್ಪಿತೇ ಎಂದು. ಬಗ್ಗಿ ನೋಡಿದರೆ ಮೆಷಿನಿನ ಹಿಂದೆ ಒಂದು ಪೆನ್‌ಡ್ರೈವ್.

"ಇದು ಯಾರದ್ದು?"

"ನನ್ನದೇ. ದೇವರ ಹಾಡು ಹಾಕದೆ ಗಲ್ಲಾದಲ್ಲಿ ಕೂರ್ಲಿಕ್ಕುಂಟಾ? ಪ್ಲೇಯರ್ ಕೆಟ್ಟಿತ್ತು, ಇದರಲ್ಲೇ ಹಾಕಿದೆ. ಹಾಡು ಮುಗಿದ ಮೇಲೆ ಕಂಪ್ಯೂಟರ್ ತನ್ನಷ್ಟಕ್ಕೇ ಆಫ್ ಆಗಿ ಆನ್ ಆಯ್ತು."

ಹಾಡು ತುಂಬಿಸಿದ್ದು ಬೀದಿಬದಿಯ ಅಂಗಡಿಯಲ್ಲಂತೆ. ನನ್ನ ಲ್ಯಾಪ್‌ಟಾಪಿನಲ್ಲಿ ಪೆನ್‌ಡ್ರೈವನ್ನು ಪರೀಕ್ಷಿಸಿದೆ. ಹಾಡಿನ ಜೊತೆ ವೈರಸ್ಸೂ ಬಂದು, ಮೆಷಿನನ್ನು ಎಬ್ಬಿಸುವ ಪ್ರೋಗ್ರಾಮನ್ನೇ ತಿರುಚಿತ್ತು. ಚಿಪ್ ಇದ್ದದ್ದನ್ನು ಇದ್ದ ಹಾಗೆ ಹೇಳಿತ್ತು, ಸರ್ವರ್ ಬಾಗಿಲು ಹಾಕಿಕೊಂಡಿತ್ತು.

"ಚಿಕ್ಕಪ್ಪಾ, ಆಚೀಚೆ ನೋಡಿ."

ಅಕ್ಕಪಕ್ಕದ ಕೌಂಟರುಗಳಲ್ಲಿ ಬಿಲ್ಲುಗಳು ಸರಸರ ಬರುತ್ತಿದ್ದವು. ಅಡುಗೆಮನೆಯ ಪರದೆಯ ಮೇಲೆ ದೋಸೆ, ಪೊಂಗಲ್, ವಡೆ ಎಲ್ಲ ಸಾಲಾಗಿ ಏರುತ್ತಿದ್ದವು. ದೀಪಾವಳಿಯಂದು ಒಂದು ಬಿದ್ದು ಎಲ್ಲವೂ ಬಿದ್ದಿದ್ದವು. ಇಂದು ಬಿದ್ದದ್ದು ಒಂದೇ. ನನಗೆ ಅಲ್ಲೇ ಕುಣಿಯುವಷ್ಟು ಖುಷಿ. ಚಿಕ್ಕಪ್ಪ ಪೆನ್‌ಡ್ರೈವನ್ನು ಜೇಬಿಗೆ ಹಾಕಿಕೊಂಡು ಪಕ್ಕದ ಕೌಂಟರಿಗೆ ಹೋಗಿ ಕೂತರು.

ಅಷ್ಟರಲ್ಲಿ ಕಾಫಿಪುಡಿ ತಂದುಕೊಡುವ ನಮ್ಮೂರಿನವರೊಬ್ಬರು ಫೋನ್ ಚಾರ್ಜ್ ಮಾಡಲು ಚಿಕ್ಕಪ್ಪನ ಮುಂದಿದ್ದ ಆ ಕೌಂಟರಿನ ಕಂಪ್ಯೂಟರಿಗೆ ವೈರ್ ಚುಚ್ಚಲು ಹೋದರು. ಚಿಕ್ಕಪ್ಪ ಅವರ ಕೈ ಹಿಡಿದೇಬಿಟ್ಟರು.

"ಮುಟ್ಬೇಡಿ! ನಮ್ಮ ಹುಡುಗಿ ಒಪ್ಪದೆ ಇದರೊಳಗೆ ದೇವರೂ ಹೋಗ್ಲಿಕ್ಕಿಲ್ಲ!"