ಬಾಂದುಕಲ್ಲಿನ ಕೆಳಗಿನ ಭರಣಿ

ನಮ್ಮ ಅಡುಗೆಮನೆಯ ಕಿಟಕಿಯಲ್ಲಿ ಈಗ ಒಂದು ಭರಣಿಯ ಚೂರು ಇದೆ. ಅಂಗೈಯಷ್ಟು ದೊಡ್ಡದು. ಮೈ ಬಿಳಿ, ಮೇಲ್ತುದಿ ಕಂದು. ಹೋದ ತಿಂಗಳು ಮಣ್ಣಿನೊಳಗಿಂದ ಎದ್ದು ಬಂದದ್ದು. ಎರಡು ಸಲ ಸೋಪು ಹಾಕಿ ತಿಕ್ಕಿದರೂ ಒಡೆದ ಅಂಚಿಗೆ ಹಿಡಿದ ಇದ್ದಿಲಿನ ಕಪ್ಪು ಹೋಗಿಲ್ಲ. ಮೂಗಿನ ಹತ್ತಿರ ಹಿಡಿದರೆ ಹಸಿಮಣ್ಣಿನ ವಾಸನೆ. ಉಪ್ಪಿನಕಾಯಿಯ ವಾಸನೆ ಬರುತ್ತದೇನೋ ಎಂದು ಮೂಸಿ ನೋಡಿದ್ದೂ ಉಂಟು. ಮೂವತ್ತು ವರ್ಷದ ಮೇಲೆ ಎಲ್ಲಿಂದ ಬರಬೇಕು? ಬೆಳಿಗ್ಗೆ ಚಹಾಕ್ಕೆ ನೀರಿಡುವಾಗ ಅದು ಕಣ್ಣಿಗೆ ಬೀಳುತ್ತದೆ. ಮೋಜಣಿ ಸಾಹೇಬರು ನೆನಪಾಗುತ್ತಾರೆ...

ನಾನು ದಾಸನಕೊಪ್ಪದ ಹತ್ತಿರದ ಈ ಊರಿಗೆ ಸೊಸೆಯಾಗಿ ಬಂದ ಎರಡನೆಯ ವರ್ಷ ಅವರು ನಮ್ಮ ಗದ್ದೆ ಅಳೆಯಲು ಬಂದಿದ್ದರು. ಜಮೀನು ಅಳೆಯುವುದಕ್ಕೆ ನಮ್ಮ ಕಡೆ ಮೋಜಣಿ ಅನ್ನುತ್ತಾರೆ. ಹಾಗಾಗಿ ಸರಕಾರದ ಸರ್ವೆಯರ್ ಊರವರ ಬಾಯಲ್ಲಿ ಮೋಜಣಿ ಸಾಹೇಬರು. ಸಾಹೇಬರು ಅನ್ನುವಂಥ ಠೀವಿಯೇನೂ ಅವರಿಗೆ ಇರಲಿಲ್ಲ. ಸಣಕಲು ಮೈ, ಮೊಣಕಾಲಿನತನಕ ಮಡಚಿದ ಪ್ಯಾಂಟು, ತಲೆಗೆ ಸುತ್ತಿದ ಟವೆಲು. ಶಿರಸಿಯ ಬಸ್ಸಿನಿಂದ ಇಳಿದಾಗ ಹೆಗಲ ಮೇಲೊಂದು ಗೋಣಿಚೀಲ, ಅದರೊಳಗೆ ಕಬ್ಬಿಣದ ಅಳತೆ ಸರಪಳಿ. ನಡೆದರೆ ಝಣಝಣ ಸದ್ದು. ಎಲ್ಲರಿಗೂ ಬೊಗಳುವ ನಮ್ಮ ನಾಯಿ ಆ ಸದ್ದು ಕೇಳಿದ್ದೇ ತೆಪ್ಪಗೆ ಗಾಡಿಯ ಕೆಳಗೆ ಹೋಗಿ ಕೂತಿತು.

ಜಗಳ ಬಾವಿಯದು. ನಮ್ಮ ಮಾವ ಮತ್ತು ಅವರ ಅಣ್ಣ ಪಾಲಾದಾಗ ಗದ್ದೆಯೇನೋ ಹಂಚಿಹೋಗಿತ್ತು, ಆದರೆ ಗಡಿಯಲ್ಲಿದ್ದ ಬಾವಿ ಯಾರ ಪಾಲಿನೊಳಗೆ ಬಿತ್ತು ಎಂದು ಯಾರೂ ಅಳೆದು ನೋಡಿರಲಿಲ್ಲ. ಮಾವ ತೀರಿಕೊಂಡ ಮೇಲೆ ಆಚೆಮನೆಯ ದೊಡ್ಡಮಾವ ಬಾವಿ ತಮ್ಮದು ಎಂದರು. ನಮಗೆ ಬೇರೆ ನೀರಿರಲಿಲ್ಲ. ಅದು ಹೋದರೆ ಕೆರೆಯ ಏರಿ ದಾಟಿ ಅರ್ಧ ಮೈಲಿ ಕೊಡ ಹೊರಬೇಕು. ನನ್ನ ಗಂಡ ಬಸ್ಸಿನ ಕಂಡಕ್ಟರು, ವಾರದಲ್ಲಿ ಐದು ದಿನ ಊರಲ್ಲಿರುವುದಿಲ್ಲ. ಹೊರುವವಳು ನಾನೇ. ಹೀಗಾಗಿ ಆ ಬಾವಿಯ ಚಿಂತೆ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ನನಗಿತ್ತು ಎಂದರೆ ಸುಳ್ಳಲ್ಲ.

ಅದರ ಜೊತೆಗೆ ನನ್ನದೇ ಒಂದು ಗುಟ್ಟಿನ ಚಿಂತೆಯೂ ಇತ್ತು. ಅತ್ತೆ ಹಾನಗಲ್ಲಿನ ತವರಿನಿಂದ ತಂದ ಒಂದು ಉಪ್ಪಿನಕಾಯಿ ಭರಣಿಯನ್ನು ಜೀವದಂತೆ ಕಾಯುತ್ತಿದ್ದರು. ಮಾವಿನಮಿಡಿಯ ಕಾಲ ಬಂತೆಂದು ಅದನ್ನು ಅಟ್ಟದಿಂದ ಇಳಿಸಹೋಗಿ ನಾನು ಕೈಬಿಟ್ಟೆ. ಮನೆಯಲ್ಲಿ ಯಾರೂ ಇರಲಿಲ್ಲ. ಚೂರುಗಳನ್ನು ಒಂದು ಬುಟ್ಟಿಗೆ ತುಂಬಿ ಕೊಟ್ಟಿಗೆಯ ಹುಲ್ಲಿನೊಳಗೆ ಹುಗಿದೆ. ಮರುದಿನ ಅತ್ತೆ ಭರಣಿ ಹುಡುಕಿದರು. ಹಿಂದಿನ ದಿನವೇ ಆಚೆಮನೆಯ ದೊಡ್ಡತ್ತೆ ಜರಡಿ ಕೇಳಲು ಬಂದುಹೋಗಿದ್ದರಲ್ಲ, ಅತ್ತೆ ಒಂದಕ್ಕೊಂದು ಕೂಡಿಸಿಬಿಟ್ಟರು. ಅಂಗಳದಲ್ಲಿ ನಿಂತು, "ಬಾವಿ ಸಾಲಲಿಲ್ಲೇನು, ನನ್ನ ತವರಿನ ಭರಣಿನೂ ಬೇಕಾಗಿತ್ತೇನು!" ಎಂದು ಕೂಗಿದರು. ದೊಡ್ಡತ್ತೆ ಬೇಲಿಯಾಚೆಯಿಂದ ಎಷ್ಟು ಆಣೆ ಮಾಡಿದರೂ ಕೇಳಲಿಲ್ಲ. ನಾನು ಒಳಗೆ ರೊಟ್ಟಿ ತಟ್ಟುತ್ತಿದ್ದೆ. ಹೊರಗೆ ಬಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ. ಹೆದರಿಕೆ, ಮತ್ತೇನು... ಅಂದಿನಿಂದ ಆ ಇಬ್ಬರಿಗೂ ಮಾತು ನಿಂತಿತು.

ಇಂಥ ಹೊತ್ತಿನಲ್ಲಿ ಮೋಜಣಿ ಸಾಹೇಬರು ಬಂದರು. ಅವರ ಕೆಲಸದ ರೀತಿಯೇ ಬೇರೆ. ಮೊದಲು ದೇವಸ್ಥಾನದ ಕಟ್ಟೆಗೆ ಹೋಗಿ, ಅಲ್ಲಿ ತಾವೇ ಹಿಂದೆಂದೋ ಕೆತ್ತಿಸಿದ್ದ ಎರಡು ಗೀಟುಗಳ ನಡುವೆ ಸರಪಳಿ ಎಳೆದು ನೋಡುವರು. ಮೂವತ್ತಮೂರು ಅಡಿಯ ಸರಪಳಿ, ಅದಕ್ಕೆ ಆಣೆ ಎನ್ನುವ ಹದಿನಾರು ಭಾಗ, ನಾಲ್ಕಾಣೆಗೊಂದು ಹಿತ್ತಾಳೆ ಬಿಲ್ಲೆ. ಎಳೆದೆಳೆದು ಕೊಂಡಿ ಸಡಿಲಾದರೆ ಸರಪಳಿ ಉದ್ದವಾಗುತ್ತದಂತೆ. ಅದು ಸರಿಯಿದೆ ಎಂದು ಖಾತ್ರಿಯಾದ ಮೇಲೆಯೇ ಗದ್ದೆಗೆ ಇಳಿಯುವರು. ಎರಡೂ ಮನೆಯಲ್ಲಿ ಉಣ್ಣುವುದಿಲ್ಲ. ಅವಲಕ್ಕಿ ಕಟ್ಟಿಕೊಂಡು ಬಂದಿದ್ದರು. ಚೈತ್ರದ ಬಿಸಿಲು. ನಾನು ಬಾವಿಯಿಂದ ಒಂದು ಚೊಂಬು ನೀರು ಸೇದಿ ಮುಂದೆ ಹಿಡಿದರೆ ಕೈಯಾಡಿಸಿದರು.

"ಈಗ ಬೇಡ ತಂಗಿ. ಇದು ಯಾರ ನೀರು ಹೇಳಿ ಗೊತ್ತಾದ ಮೇಲೆ ಕುಡೀತೆ."

ಯಲ್ಲಾಪುರದ ಕಡೆಯವರು, ಅವರ ಮಾತು ನಮ್ಮೂರವರಿಗೆ ತಮಾಷೆ. ನನಗೆ ಮಾತ್ರ ಸಿಟ್ಟು ಬಂತು. ಕೊಟ್ಟ ನೀರನ್ನು ಬೇಡವೆನ್ನುವವರು ಆಚೆಮನೆಯವರ ಪರವೇ ಸರಿ ಎಂದು ಲೆಕ್ಕ ಹಾಕಿದೆ. ಅತ್ತೆಯಂತೂ, "ಬಾವಿ ಹೋಗೂದನ್ನ ನಾ ಕಣ್ಣಿಂದ ನೋಡಂಗಿಲ್ಲ" ಎಂದು ದೇವರ ಕೋಣೆ ಸೇರಿ ಬಾಗಿಲು ಹಾಕಿಕೊಂಡರು.

ಮಧ್ಯಾಹ್ನ ದಾಟಿದ ಮೇಲೆ ಅಳತೆ ಮುಗಿಯಿತು. ಹಳೆಯ ನಕ್ಷೆ, ಟಿಪ್ಪಣಿ ಎರಡನ್ನೂ ಬಿಡಿಸಿಟ್ಟುಕೊಂಡು ಅವರು ಮತ್ತೊಮ್ಮೆ ಲೆಕ್ಕ ಹಾಕಿದರು. ನೀರು ಸೇದುವಾಗ ಕಾಲಿಡುತ್ತಿದ್ದ ಚಪ್ಪಡಿಯ ಅಂಚಿನಿಂದ ಮೂರಾಣೆ ಆಚೆಗೆ ಗೂಟ ಹೊಡೆದರು. ಬಾವಿ ನಮ್ಮ ಬದಿಗೆ! ನಾನು ಅಲ್ಲೇ ಬದುವಿನ ಮೇಲೆ ಕೂತುಬಿಟ್ಟೆ. ದೊಡ್ಡಮಾವ ಸಿಟ್ಟಾದರು, ಆದರೆ ಸಾಹೇಬರು ಒಂದೊಂದೇ ಅಂಕಿ ತೋರಿಸಿ ಹೇಳಿದ ಮೇಲೆ ಒಪ್ಪಿಕೊಂಡರು.

ಗೂಟದ ಜಾಗದಲ್ಲಿ ಬಾಂದುಕಲ್ಲು, ಅಂದರೆ ಗಡಿಯ ಕಲ್ಲು, ನೆಡಲು ಎದೆಮಟ್ಟದ ಗುಂಡಿ ತೋಡಿಸಿದರು. ಆಮೇಲೆ ಅವರು ಕೇಳಿದ್ದು ವಿಚಿತ್ರವಾಗಿತ್ತು. ಎರಡೂ ಮನೆಯ ಒಲೆಯಿಂದ ಒಂದೊಂದು ಬುಟ್ಟಿ ಇದ್ದಿಲು, ಎರಡೂ ಮನೆಯಿಂದ ಒಡೆದ ಪಾತ್ರೆಯ ಚೂರು. ಕಲ್ಲನ್ನು ಯಾರಾದರೂ ಕಿತ್ತು ಸರಿಸಬಹುದು, ಇದ್ದಿಲು ಎಷ್ಟು ವರ್ಷವಾದರೂ ಮಣ್ಣಲ್ಲಿ ಕೊಳೆಯುವುದಿಲ್ಲ, ಕಲ್ಲು ಹೋದರೂ ಅದರ ಕೆಳಗಿನ ಗುರುತು ಹೋಗುವುದಿಲ್ಲ ಎಂದರು. ಅದು ಹಿಂದಿನವರ ಪದ್ಧತಿಯಂತೆ, ಅವರ ಕಾಲದಲ್ಲೇ ಬಿಟ್ಟುಹೋಗಿತ್ತಂತೆ. ಅವರು ಬಿಟ್ಟಿರಲಿಲ್ಲ. ಆಚೆಮನೆಯಿಂದ ದೊಡ್ಡತ್ತೆ ಒಡೆದ ಮಣ್ಣಿನ ರೊಟ್ಟಿ ಹಂಚು ಕಳಿಸಿಕೊಟ್ಟರು.

"ನಿಮ್ಮನೆಯಿಂದ ಎಂತ ಇದ್ದು ತಂಗಿ? ಮಡಿಕೆ, ಪಿಂಗಾಣಿ, ಎಂತಾದರೂ ಅಡ್ಡಿಲ್ಲೆ."

ನನಗೆ ದೇವರೇ ದಾರಿ ತೋರಿಸಿದಂತಾಯಿತು. ಕೊಟ್ಟಿಗೆಗೆ ಓಡಿ ಹುಲ್ಲಿನೊಳಗಿನ ಬುಟ್ಟಿ ತಂದೆ, ಮೇಲೊಂದು ಗೋಣಿತಾಟು ಮುಚ್ಚಿ. ಗುಂಡಿಯ ಪಕ್ಕ ಆಗ ಅವರೊಬ್ಬರೇ ಇದ್ದರು. ತಾಟು ಸರಿಸಿ ನೋಡಿದರು. ಫಳಫಳ ಹೊಳೆಯುವ ಹೊಸ ಒಡಕು, ಮೇಲಿನ ಮುಚ್ಚಳವೂ ಇದೆ. ನನ್ನ ಮುಖ ನೋಡಿದರು. ಬೆಳಿಗ್ಗೆಯಿಂದ ಬಾವಿಯ ಜಗಳದ ಜೊತೆಗೆ ಭರಣಿಯ ಜಗಳವೂ ಅವರ ಕಿವಿಗೆ ಬಿದ್ದೇ ಇತ್ತು. ನಾನು ಅಳುವುದೊಂದು ಬಾಕಿ. ಅವರು ಚೂರುಗಳನ್ನು ತಾವೇ ಗುಂಡಿಗೆ ಸುರಿದು, ಬೇಗಬೇಗ ಮೇಲೆ ಇದ್ದಿಲು ಮುಚ್ಚಿದರು. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದರು:

"ಇದು ಬಚ್ಚಿಡೂಲೆ ಹಾಕೂದಲ್ಲ ತಂಗಿ, ಸಾಕ್ಷಿಗೆ ಹಾಕೂದು. ಮುಂದೆ ಯಾವತ್ತಾದರೂ ಅಗೆಯೂ ಪ್ರಸಂಗ ಬಂದರೆ ಇದ್ದದ್ದು ಇದ್ದ ಹಾಂಗೆ ಹೇಳವು, ಹೌದ?"

ಹೂಂ, ಹೇಳುತ್ತೇನೆ ಎಂದೆ. ಕಲ್ಲು ನಿಂತ ಮೇಲೆ ಓಡಿಹೋಗಿ ಒಂದು ಚೊಂಬು ನೀರು ಸೇದಿ ತಂದೆ; ಈಗ ಯಾರ ನೀರೆಂದು ಗೊತ್ತಾಗಿತ್ತಲ್ಲ. ಅಷ್ಟರಲ್ಲಿ ಬನವಾಸಿ ಕಡೆಯಿಂದ ಕೊನೆಯ ಬಸ್ಸಿನ ಹಾರನ್ನು ಕೇಳಿಸಿತು. ಅವರು ಸರಪಳಿಯ ಚೀಲ ಹೆಗಲಿಗೇರಿಸಿ ಓಡಿದರು. "ಇನ್ನೊಂದ್ಸಲ ಬಂದಾಗ ಕುಡೀತೆ ತಂಗಿ, ಬಾವಿ ಎಲ್ಲಿಗೂ ಹೋಗ್ತಿಲ್ಲೆ!" ಎಂದು ಗದ್ದೆಯ ಬದುವಿನಿಂದಲೇ ಕೂಗಿದರು. ಚೊಂಬು ಕೈಯಲ್ಲಿ ಹಿಡಿದು ನಾನು ನೋಡುತ್ತ ನಿಂತಿದ್ದೆ...

ಇಷ್ಟು ವರ್ಷ ಬಾವಿ ನಮ್ಮದಾಗಿಯೇ ಇತ್ತು. ದೊಡ್ಡಮಾವ ಹೋದರು. ಎರಡು ವರ್ಷದ ಹಿಂದೆ ಅವರ ಮಗ ಜೆಸಿಬಿ ತರಿಸಿ ಗದ್ದೆ ಸಮ ಮಾಡಿಸಿದ. ಬದು ಹೋಯಿತು, ಬಾಂದುಕಲ್ಲೂ ಹೋಯಿತು. ಬೇಕೆಂದೇ ಕಿತ್ತನೋ, ಡ್ರೈವರನಿಗೆ ಗೊತ್ತಾಗದೆ ಹೋಯಿತೋ, ನಾನು ಹೇಳಲಾರೆ. ಆದರೆ ಈ ಸಲ ಅವನು, ಕಲ್ಲು ಇದ್ದದ್ದು ಬಾವಿಯ ಈಚೆಗೆ, ಬಾವಿ ತನ್ನದು ಎಂದು ಶುರುಮಾಡಿದ. ಮತ್ತೆ ಅರ್ಜಿ, ಮತ್ತೆ ಮೋಜಣಿ.

ಹೋದ ತಿಂಗಳು ಬಂದ ಸರ್ವೆಯರ್ ಒಬ್ಬಳು ಹುಡುಗಿ. ಕೋಲಿನ ತುದಿಗೆ ಯಂತ್ರ, ಕೈಯಲ್ಲಿ ಮೊಬೈಲಿನಂಥದ್ದು. ಸರಪಳಿ ಇಲ್ಲ. ರಸ್ತೆ ಬದಿಯ ಕಲ್ಲಿನಿಂದ ಲೆಕ್ಕ ತೆಗೆದು ಅವಳು ಗೆರೆ ಎಳೆದರೆ ಅದು ಬಾವಿಯ ನಡುಮಧ್ಯೆ ಹೋಯಿತು. ರಸ್ತೆ ಅಗಲ ಮಾಡಿದಾಗ ಆ ಕಲ್ಲೇ ಸರಿದಿರಬಹುದು, ಬೇರೆ ಹಳೇ ಗುರುತು ಏನಾದರೂ ಇದೆಯೇ ಎಂದು ಅವಳೇ ಕೇಳಿದಳು. ನನ್ನ ಗಂಡ, ರಿಟೈರಾಗಿ ಮನೆಯಲ್ಲಿರುವವರು, ಇಲ್ಲವೆಂದು ತಲೆಯಾಡಿಸಿದರು. ಅವರಿಗೇನು ಗೊತ್ತು, ಅವತ್ತು ಡ್ಯೂಟಿಯಲ್ಲಿದ್ದರು.

ನನಗೆ ಗೊತ್ತಿತ್ತು. ಬಾಯಿ ತೆರೆದರೆ ಬಾವಿ ಉಳಿಯುತ್ತದೆ, ಭರಣಿ ಹೊರಗೆ ಬರುತ್ತದೆ. ಎಂಬತ್ತು ದಾಟಿದ ಅತ್ತೆ ಅಲ್ಲೇ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಅವರಿಗಿಂತ ನಾಲ್ಕು ವರ್ಷ ದೊಡ್ಡವರಾದ ದೊಡ್ಡತ್ತೆ ಕೋಲೂರಿ ಆಚೆ ನಿಂತಿದ್ದರು. ನನಗೂ ಅರವತ್ತು ಹತ್ತಿರವಾಗಿದೆ, ಮೊಮ್ಮಗಳಿದ್ದಾಳೆ. ಆದರೂ ಅತ್ತೆಯ ಮುಂದೆ ಆ ಭರಣಿಯ ಮಾತೆತ್ತುವ ಹೆದರಿಕೆ ಹೋಗಿರಲಿಲ್ಲ. ಸಾಹೇಬರಿಗೆ ಹೂಂ ಅಂದಿದ್ದೆನಲ್ಲ... ಹೇಳಿದೆ. ಚಪ್ಪಡಿಯ ಅಂಚಿನಿಂದ ಮೂರಾಣೆ ದೂರ, ಅಡಿಯಲ್ಲಿ ಇದ್ದಿಲು ಇದೆ, ಎರಡೂ ಮನೆಯ ಒಡಕು ಪಾತ್ರೆ ಇದೆ.

"ಎಲ್ಲಾ ಕಟ್ಟುಕಥಿ," ಎಂದ ದೊಡ್ಡತ್ತೆಯ ಮಗ.

ದೊಡ್ಡತ್ತೆ ಕೋಲಿನಿಂದ ನೆಲ ಕುಟ್ಟಿದರು. "ಕಟ್ಟುಕಥಿ ಅಲ್ಲಪಾ. ನನ್ನ ಹಂಚು ಐತಿ ಅದರಾಗ. ನಾನs ಕೊಟ್ಟು ಕಳಿಸಿದ್ದೆ." ಮಗನ ವಿರುದ್ಧದ ಸಾಕ್ಷಿ ಅದು. ಹೇಳದೆ ಇರಬಹುದಿತ್ತು. ಮೂವತ್ತು ವರ್ಷ ಕಳ್ಳಿ ಅನ್ನಿಸಿಕೊಂಡವರು ಹೇಳಿದ ಮಾತು ಅದು, ನನಗೆ ತಲೆಯೆತ್ತಲು ಆಗಲಿಲ್ಲ.

ಮೂರಾಣೆ ಎಂದರೆ ಎಷ್ಟು ಎಂದು ಹುಡುಗಿಗೆ ತಿಳಿಯಲಿಲ್ಲ. ಹದಿನಾರಾಣೆಗೆ ಮೂವತ್ತಮೂರು ಅಡಿ ಎಂದಾಗ ಮೊಬೈಲಿನಲ್ಲಿ ಲೆಕ್ಕ ಮಾಡಿ ಆರಡಿ ಎರಡಂಗುಲ ಎಂದಳು. ಬಾವಿಯ ಕಟ್ಟೆಯಿಂದ ಅಳೆದು ಅಗೆದರು. ಎದೆಮಟ್ಟ ಹೋದರೂ ಬರೀ ಕೆಂಪು ಮಣ್ಣು. ದೊಡ್ಡತ್ತೆಯ ಮಗ ನಗತೊಡಗಿದ. ಆಮೇಲೆ ಹೊಳೆಯಿತು: ಕಟ್ಟೆ ಹೊಸದು, ನಾವೇ ಕಟ್ಟಿಸಿದ್ದು. ಹಳೆಯ ಚಪ್ಪಡಿ ಕಟ್ಟೆಯ ಹೊರಗೆ, ಪಾಚಿಗಟ್ಟಿಕೊಂಡು ಇದ್ದಲ್ಲೇ ಇದೆ. ಅದರ ಅಂಚಿಗೆ ಟೇಪು ಹಿಡಿಸಿದೆ. ಅಗೆಯುವ ಜಾಗ ಮೊದಲಿನದಕ್ಕಿಂತ ಮೂರಡಿ ಆಚೆಗೆ ಬಂತು. ಅಲ್ಲಿ ಅಗೆದಾಗ ಗುದ್ದಲಿಗೆ ಕಪ್ಪು ಮೆತ್ತಿಕೊಂಡು ಬಂತು. ಇದ್ದಿಲು! ನಿನ್ನೆ ಮೊನ್ನೆ ಹಾಕಿದ ಹಾಗೆ. ಆಮೇಲೆ ಹಂಚಿನ ತುಂಡು. ಆಮೇಲೆ ಬಿಳಿ ಚೂರು, ಕಂದು ಚೂರು, ಕೊನೆಗೆ ಮುಚ್ಚಳ.

ಹುಡುಗಿ ಯಂತ್ರದ ಕೋಲನ್ನು ಗುಂಡಿಯೊಳಗೆ ಊರಿ ನೋಡಿ, "ಬಾವಿ ನಿಮ್ದೇರಿ ಅಕ್ಕಾರ," ಎಂದಳು. ನನ್ನ ಗಂಡ ನಿಟ್ಟುಸಿರು ಬಿಟ್ಟದ್ದು ರಸ್ತೆಗೆ ಕೇಳಿಸಿರಬೇಕು. ನಾನು ಮಾತ್ರ ಅತ್ತೆಯನ್ನೇ ನೋಡುತ್ತಿದ್ದೆ. ಅವರು ಮುಚ್ಚಳವನ್ನು ಸೆರಗಿನಿಂದ ಒರೆಸಿ, ಕಣ್ಣಿಗೆ ಹತ್ತಿರ ಹಿಡಿದು ನೋಡಿದರು.

"ತೊಳಿಯೂವಾಗ ಒಡೀತೋ, ಇಳಸೂವಾಗ ಒಡೀತೋ?"

"ಇಳಸೂವಾಗರಿ ಅತ್ತಿ."

"ಆ ಅಟ್ಟದ ಹಲಗಿ ಜಾರತಿತ್ತು. ನಾನೂ ನಮ್ಮತ್ತಿದು ಒಂದು ಅಲ್ಲೇ ಒಡದಿದ್ದೆ. ಹೇಳಿರಲಿಲ್ಲ." ಇಷ್ಟು ಹೇಳಿ ಅವರು ಕತ್ತು ತಿರುಗಿಸಿ ದೊಡ್ಡತ್ತೆಯ ಕಡೆ ನೋಡಿದರು. ಕ್ಷಮೆ ಕೇಳುವುದು ಅವರ ಜಾಯಮಾನವಲ್ಲ. "ಅಕ್ಕಾ, ಬಿಸಲಾಗ ಯಾಕ ನಿಂತಿ. ಬಾ, ಚಾ ಕುಡದು ಹೋಗು."

ದೊಡ್ಡತ್ತೆಯ ಮಗ ಮುಖ ಗಂಟಿಕ್ಕಿಕೊಂಡು ಹೋದ. ದೊಡ್ಡತ್ತೆ ಬಂದು ಜಗಲಿಯಲ್ಲಿ ಕೂತರು. ನಾನು ಅವರ ಕಾಲು ಹಿಡಿದೆ. "ಬಿಡವಾ, ಇಷ್ಟು ವರ್ಷ ನಾ ಒಬ್ಬಾಕಿನs ನನ್ನ ನಂಬಿದ್ದೆ, ಈಗ ಊರು ನಂಬ್ತು," ಎಂದು ನಕ್ಕರು. ಅವತ್ತು ನನ್ನ ಎದೆಯ ಮೇಲಿಂದ ಇಳಿದ ಭಾರ ಬಾವಿಯದ್ದಕ್ಕಿಂತ ಹೆಚ್ಚಾಗಿ ಇದರದ್ದು. ರಾತ್ರಿ ಮಲಗಿದವಳಿಗೆ ಬೆಳಗಾದದ್ದೇ ಗೊತ್ತಾಗಲಿಲ್ಲ.

ಹೊಸ ಕಲ್ಲು ನೆಡುವಾಗ ಇದ್ದಿಲು, ಚೂರು ಎಲ್ಲವನ್ನೂ ಮತ್ತೆ ಕೆಳಗೇ ಹಾಕಿಸಿದೆ. ಒಂದನ್ನು ಮಾತ್ರ ಉಳಿಸಿಕೊಂಡೆ. ಹುಡುಗಿಯನ್ನು ಸಾಹೇಬರ ಬಗ್ಗೆ ಕೇಳಿದೆ. ಅವಳು ಹಳಬರೊಬ್ಬರಿಗೆ ಫೋನು ಮಾಡಿ ವಿಚಾರಿಸಿದಳು. ಯಲ್ಲಾಪುರದಲ್ಲಿ ಮಗಳ ಮನೆಯಲ್ಲಿದ್ದರಂತೆ. ತೀರಿಕೊಂಡು ನಾಲ್ಕು ವರ್ಷವಾಯಿತಂತೆ... ಶಿರಸಿಯಿಂದ ಒಂದೇ ಬಸ್ಸಿನ ದಾರಿ. ಇಷ್ಟು ವರ್ಷದಲ್ಲಿ ಒಂದು ಸಲ ಹೋಗಿ ಮಾತಾಡಿಸಬಾರದಿತ್ತೇ ಎಂದು ಈಗ ಅನಿಸುತ್ತದೆ. ಅವರು ಈಗ ಇದ್ದು, ಅತ್ತೆ ಬೈಯಲಿಲ್ಲ ಎಂದು ನಾನು ಹೇಳಿದ್ದರೆ ನಗುತ್ತಿದ್ದರು. ಆ ಗುಟ್ಟು ಗೊತ್ತಿದ್ದವರು ಅವರೊಬ್ಬರೇ.

ಇವತ್ತೂ ಬೆಳಿಗ್ಗೆ ನೀರು ಸೇದಿದೆ. ದೊಡ್ಡತ್ತೆಗೆ ಒಂದು ಚೊಂಬು, ಅತ್ತೆಗೆ ಒಂದು ಚೊಂಬು. ಬಾವಿ ಸಾಹೇಬರು ಹೇಳಿದಂತೆ ಎಲ್ಲಿಗೂ ಹೋಗಲಿಲ್ಲ. ಕುಡಿಯುತ್ತೇನೆ ಎಂದವರು ಬರಲಿಲ್ಲ.