ಮಾತು ಬಿಟ್ಟವನ ಜಾಮೀನು

ಗೆಳೆಯರೇ, ಇವತ್ತು ಚಳ್ಳಕೆರೆಯ ಬ್ಯಾಂಕಿನಲ್ಲಿ ಕಂಡದ್ದು. ಮೆಕ್ಯಾನಿಕ್ ಬಾಷಾ ಲೇತ್ ಮಷೀನಿಗೆ ಕೇಳಿದ್ದ ಸಾಲ ಜಾಮೀನುದಾರನಿಲ್ಲದೆ ನಿಂತಿತ್ತು. ಸುದ್ದಿ ತಿಳಿದು, ಕರೆಯದೆಯೇ ಬಂದು ಕೂತವನು ಎದುರಂಗಡಿಯ ಮೆಕ್ಯಾನಿಕ್ ತಿಪ್ಪೇಶಪ್ಪ.

“ಇವರು ನಿಮಗೆ ಚೆನ್ನಾಗಿ ಗೊತ್ತಾ?” ಪಕ್ಕದಲ್ಲಿದ್ದ ಬಾಷಾನನ್ನು ತೋರಿಸಿ ಮ್ಯಾನೇಜರ್ ಕೇಳಿದರು.

“ಮಾತು ಬಿಟ್ಟು ವರ್ಷಗಳಾದ್ವು ಸಾರ್. ನನ್ನ ಗಿರಾಕಿಗಳನ್ನೆಲ್ಲ ಸೆಳ್ಕೊಂಡ.”

“ಆದ್ರೂ ಸಹಿ ಹಾಕ್ತೀರಾ?”

“ಜಗಳ ಹಂಗೇ ಐತೆ, ಇರ್ಲಿ. ಇವನ ಕೆಲಸ ಎದುರಿಗೇ ಕೂತು ದಿನಾ ನೋಡ್ತೀನಿ. ಹಳೇ ಬೇರಿಂಗನ್ನ ಹೊಸದು ಅಂತ ಒಂದಿನಾನೂ ಹಾಕಿಲ್ಲ.”

ಸಹಿ ಬಿತ್ತು. ಬಾಷಾ ಮ್ಯಾನೇಜರ್ ಕಡೆ ತಿರುಗಿ, “ಅಣ್ಣ ಟೀ ಕುಡೀತಾರಾ ಕೇಳ್ರಿ ಸಾರ್” ಎಂದ.

“ಸಕ್ಕರೆ ಕಮ್ಮಿ ಇರ್ಲಿ ಅಂತ ಹೇಳ್ರಿ ಸಾರ್” ಎಂದ ತಿಪ್ಪೇಶಪ್ಪ.

ನನಗೆ ಗೆಳೆಯರು ನೀವಿಷ್ಟು ಜನ ಇದ್ದೀರಿ. ಇಂಥ ಒಬ್ಬ ವೈರಿಯನ್ನು ಮಾತ್ರ ಇನ್ನೂ ಸಂಪಾದಿಸಿಲ್ಲ.