ಅಕ್ಕಯಮ್ಮ ಕಾಲಿಡದ ಕಡಲು

ಬೈಯಪ್ಪನಹಳ್ಳಿಯ ಅಕ್ಕಯಮ್ಮ ಮೂವತ್ತು ವರ್ಷ ಶಿವಾಜಿನಗರದ ಮಾರುಕಟ್ಟೆಯಲ್ಲಿ ಸೊಪ್ಪು ಮಾರಿದ ಹೆಂಗಸು. ಕೋಳಿ ಕೂಗುವ ಮೊದಲೇ ಗಂಡ ಹೆಂಡಿರು ಹೊಲ ಬಿಡುತ್ತಿದ್ದರು. ಮಾರುಕಟ್ಟೆಯ ಬಾಗಿಲು ದಾಟಿದ್ದೇ ಒಬ್ಬರ ತಲೆಯ ಮೇಲೆ ದಂಟಿನ ಮೂಟೆ, ಇನ್ನೊಬ್ಬರು ಬರಿಗೈಯಲ್ಲಿ ಜಾಗ ಹಿಡಿಯಲು ಮುಂದಕ್ಕೆ ಓಟ. ಆ ನೂಕುನುಗ್ಗಲಿನಲ್ಲಿ ತಪ್ಪಿಸಿಕೊಂಡದ್ದು ಎಷ್ಟು ಸಲವೋ. ಅದಕ್ಕೇ ತಮ್ಮೊಳಗೆ ಒಂದು ಕಟ್ಟುಪಾಡು ಮಾಡಿಕೊಂಡಿದ್ದರು: ಹೊರೆ ಇದ್ದವರು ನಿಂತ ಜಾಗ ಬಿಟ್ಟು ಕದಲಬಾರದು, ಬರಿಗೈಯವರು ಹುಡುಕಿಕೊಂಡು ಬರಬೇಕು. ಹೊರೆ ಹೊತ್ತು ಅಲೆದರೆ ಸೊಪ್ಪೂ ಬಾಡುತ್ತದೆ, ಕತ್ತೂ ಮುರಿಯುತ್ತದೆ.

ಹೊಲ ಸೈಟುಗಳಾಗಿ, ಕಟ್ಟಿಸಿದ ನಾಲ್ಕು ರೂಮುಗಳಿಗೆ ಬಾಡಿಗೆಯವರು ಬಂದ ಮೇಲೆ ಸೊಪ್ಪಿನ ಕುಕ್ಕೆ ಅಟ್ಟ ಸೇರಿತು. 2002ರಲ್ಲಿ, ಇಂದಿರಾನಗರದ ಟ್ರಾವೆಲ್ ಆಫೀಸಿನಲ್ಲಿದ್ದ ಮಗಳು ಹಂಸ ಇಬ್ಬರನ್ನೂ ಐದು ದಿನದ ಸಿಂಗಪುರ ಪ್ರವಾಸಕ್ಕೆ ಹೊರಡಿಸಿದಳು.

"ಅಲ್ಲಿ ಸಮುದ್ರ ಐತೇನೆ?" ಅಕ್ಕಯಮ್ಮ ಕೇಳಿದ್ದು ಅದೊಂದೇ. ಐವತ್ತೆಂಟು ತುಂಬಿದ್ದರೂ ಆಕೆ ಹಲಸೂರು ಕೆರೆಗಿಂತ ದೊಡ್ಡ ನೀರಿಗೆ ಕಾಲಿಟ್ಟವಳಲ್ಲ.

ಸಮುದ್ರ ಇದ್ದದ್ದು ನಾಲ್ಕನೆಯ ದಿನ ಮಧ್ಯಾಹ್ನ. ಮಾರನೆಯ ಬೆಳಗ್ಗೆ ವಾಪಸು ವಿಮಾನ. ಅಂದು ಬೆಳಗ್ಗೆ ಹಕ್ಕಿಗಳ ದೊಡ್ಡ ತೋಟಕ್ಕೆ ಕರೆತಂದ ಗೈಡ್ ಬಷೀರ್, ಫ್ರೇಜರ್ ಟೌನಿನವನು, ಬಸ್ಸು ಇಳಿಯುವಾಗಲೇ ಎಚ್ಚರಿಸಿದ: "ಎರಡು ಗಂಟೆಗೆ ಬೀಚಿಗೆ ಹೊರಟ್ಬಿಡ್ತೀವಿ. ತಪ್ಪಿಸ್ಕೊಂಡೋರು ಟ್ಯಾಕ್ಸಿ ಹಿಡಿದು ಹೋಟೆಲಿಗೆ ಬಂದ್ಬಿಡಿ."

ಹಕ್ಕಿಗಳೆಲ್ಲ ಸೆಕೆಗೆ ಕಣ್ಣು ಮುಚ್ಚಿ ಕೂತಿದ್ದವು. ಕುಣಿಯುತ್ತದೆ ಎಂದಿದ್ದ ಗಿಳಿ ಕುಣಿಯಲಿಲ್ಲ. "ನಮ್ಮ ಹುಣಸೆ ಮರದಾಗೆ ಇದಕ್ಕಿಂತ ಗದ್ದಲ ಇರ್ತಿತ್ತು," ಎಂದ ಗಂಡ ಮುನಿನಾರಾಯಣಪ್ಪನ ಕಣ್ಣು ಪಾತಿ ಮಾಡುತ್ತಿದ್ದ ಒಬ್ಬ ಮಾಲಿಯ ಮೇಲೆ ಬಿತ್ತು. "ಏಯ್, ಮಣ್ಣು ಹೆಂಗೈತೆ ನೋಡ್ಕೊಂಡು ಬರ್ತೀನಿ. ನೀನು ಗೇಟ್ ಹತ್ರ ಇರು."

"ಮಣ್ಣು ನೋಡೋಕೆ ವಿಮಾನ ಹತ್ಬೇಕಿತ್ತಾ?" ಎನ್ನುತ್ತಾ ಆಕೆ ಗೇಟಿಗೆ ನಡೆದಳು.

ಅಲ್ಲಿ ಗೇಟು ಎರಡಿದ್ದವು, ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗೆ. ಆಕೆ ಒಂದರಲ್ಲಿ ನಿಂತಳು. ಆತ ಮಣ್ಣು ನೋಡಿಕೊಂಡು ಇನ್ನೊಂದಕ್ಕೆ ಬಂದ. ಆಕೆಯ ಕೈಯಲ್ಲಿ ಚಪಾತಿ ಡಬ್ಬಿಯ ಚೀಲ. ಆತನ ಹೆಗಲಿನಲ್ಲಿ ನೀರು, ಛತ್ರಿ, ಪಾಸ್‌ಪೋರ್ಟುಗಳ ಚೀಲ. ಹೊರೆ ನನ್ನ ಹತ್ತಿರ ಇದೆ, ಅವರೇ ಹುಡುಕಿ ಬರಲಿ ಎಂದು ಆಕೆ ನಿಂತಳು. ಹೊರೆ ನನ್ನದು, ಅವಳೇ ಬರಲಿ ಎಂದು ಆತ ನಿಂತ.

ಹನ್ನೆರಡಾಯಿತು, ಒಂದಾಯಿತು. ಗಂಡ ಉಣ್ಣದೆ ಆಕೆ ಡಬ್ಬಿ ಬಿಚ್ಚಲಿಲ್ಲ. ನೀರಿನ ಚೀಲ ಹೆಗಲಿನಲ್ಲೇ ಇದ್ದರೂ ಆತ ಕುಡಿಯಲಿಲ್ಲವಂತೆ. ಅದನ್ನು ಆಮೇಲೆ ಹೇಳಿದ. ಒಂದೂವರೆಗೆ ಜೊತೆಯವರು ಬಸ್ಸಿನ ಕಡೆ ಹೊರಟರು. "ಬನ್ನಿ ಅಮ್ಮಾ, ಹೊತ್ತಾಯ್ತು," ಎಂದು ಕರೆದರು. "ಅವರು ಬರ್ಲಿ," ಎಂದಳು. ಜೊತೆಯವರ ಬೆನ್ನು ಮರೆಯಾದ ಮೇಲೆ ಚೀಲ ಎತ್ತಿಕೊಂಡು ವಿಚಾರಣೆಯ ಕಿಟಕಿಯ ಕಡೆ ನಡೆದಳು. ಹೊರೆ ಸಮೇತ ಜಾಗ ಬಿಟ್ಟು ಕದಲಿದ್ದು ಆಕೆಯ ಆಯುಷ್ಯದಲ್ಲಿ ಅದೇ ಮೊದಲು.

ವಿಚಾರಣೆಯ ಕಿಟಕಿಯಲ್ಲಿದ್ದವಳು ತಮಿಳಿನವಳು. ಹಲಸೂರಿನ ಗಿರಾಕಿಗಳಿಂದ ಕಲಿತ ತಮಿಳು ಅಲ್ಲಿ ಕೈ ಹಿಡಿಯಿತು.

"ನಿಮ್ಮ ಯಜಮಾನರ ಹೆಸರು ಹೇಳಿ, ಮೈಕಿನಲ್ಲಿ ಕೂಗ್ತೀನಿ."

"ಅದನ್ನ ನಾನು ಬಾಯಲ್ಲಿ ಹೇಳೋ ಹಂಗಿಲ್ಲ ತಾಯಿ."

"ಬರೆದುಕೊಡಿ."

"ಬರೆಯೋಕೆ ಬರಲ್ಲ."

"ಪಾಸ್‌ಪೋರ್ಟು?"

"ಎರಡೂ ಅವರ ಹತ್ರಾನೇ ಐತೆ."

ಆ ಹೆಣ್ಣು ಕೈಚೆಲ್ಲಿ ಕೂತಳು. ಗೋಡೆಯ ಗಡಿಯಾರದ ಮುಳ್ಳು ಎರಡರ ಹತ್ತಿರ ಬಂದಿತ್ತು. ಸಮುದ್ರ ಬೇಕಾದರೆ ಗಂಡನ ಹೆಸರೆತ್ತಬೇಕು. ಅಕ್ಕಯಮ್ಮ ಬಾಯಿ ತೆರೆದಳು. ನಾಲಿಗೆ ಹೊರಳಲಿಲ್ಲ.

"ನನ್ನ ಹೆಸರೇ ಕೂಗು. ಬೈಯಪ್ಪನಹಳ್ಳಿ ಅಕ್ಕಯಮ್ಮ ಇಲ್ಲಿ ನಿಂತವ್ಳೆ ಅನ್ನು."

ತೋಟದ ಮರಮರಕ್ಕೂ ಕಟ್ಟಿದ್ದ ಸ್ಪೀಕರುಗಳಲ್ಲಿ ಆ ಹೆಸರು ಮೂರು ಸಲ ಕೇಳಿಸಿತು. ಮುನಿನಾರಾಯಣಪ್ಪ ನಲವತ್ತು ವರ್ಷ 'ಏಯ್', 'ಇವಳೇ' ಎಂದೇ ಕೂಗಿಕೊಂಡು ಬಂದವನು. ಹೆಂಡತಿಯ ಹೆಸರು ಅಷ್ಟು ದೊಡ್ಡದಾಗಿ ಆಕಾಶದಿಂದ ಬಿದ್ದಾಗ ಏನೋ ಕೆಟ್ಟದ್ದಾಗಿದೆ ಎಂದುಕೊಂಡು, ಕಂಡಕಂಡವರನ್ನು ಕೈಸನ್ನೆಯಲ್ಲಿ ಕೇಳುತ್ತಾ ಓಡಿ ಬಂದ. ತೋಟ ದೊಡ್ಡದು. ಬಂದು ಮುಟ್ಟುವಾಗ ಗಂಟೆ ಎರಡೂಕಾಲು.

ಬಸ್ಸು ನಿಂತಿದ್ದ ಜಾಗದಲ್ಲಿ ಎಣ್ಣೆಯ ಕಲೆ ಮಾತ್ರ ಇತ್ತು.

ಕಲ್ಲುಬೆಂಚಿನ ಮೇಲೆ ಕೂತು ಇಬ್ಬರೂ ಚಪಾತಿ ತಿಂದರು, ನೀರು ಕುಡಿದರು. ಆಕೆ ಡಬ್ಬಿ ಮುಚ್ಚುವಾಗ ಆತ ಕೇಳಿದ: "ನಿನ್ನ ಸಮುದ್ರ ತಪ್ಪೋಯ್ತಲ್ಲ ಅಕ್ಕಯಮ್ಮ?"

"ಹೆಸರಿಡಿದು ಕೂಗ್ಬೇಡಿ, ಜನ ನೋಡ್ತಾರೆ," ಎಂದಳು. ಸೆರಗಿನಿಂದ ಮುಖ ಒರೆಸಿಕೊಂಡಳು, ಅದು ಬೆವರೊಂದೇ ಆಗಿರಲಿಲ್ಲ. ಆಮೇಲೆ ಎದ್ದು ಆತನ ಹೆಗಲಿನ ಚೀಲವನ್ನೂ ಕಳಚಿಕೊಂಡಳು. "ಕೊಡಿ ಇಲ್ಲಿ. ಇನ್ಮೇಲೆ ಎರಡೂ ನಾನೇ ಹೊರ್ತೀನಿ. ಹುಡುಕೋದು ನಿಮ್ಮ ಕೆಲಸ."

ಮುನಿನಾರಾಯಣಪ್ಪ ಖಾಲಿ ಕೈಗಳನ್ನು ಎಲ್ಲಿಡಬೇಕೋ ತಿಳಿಯದೆ ಬೆನ್ನ ಹಿಂದೆ ಕಟ್ಟಿಕೊಂಡು, ಟ್ಯಾಕ್ಸಿ ಹುಡುಕಲು ಮುಂದೆ ನಡೆದ.